ಉತ್ತರದ ಪುಟ ತಿರುವದೆ ಬಹುಪದೋಕ್ತಿ ಲೆಕ್ಕ: ನನ್ನ ಅನುಭವ

ಬಹುಪದೋಕ್ತಿಗಳನ್ನು ಕೂಡಿಯೋ ಗುಣಿಸಿಯೋ ಆದ ಮೇಲೆ ನಾನು ಪುಸ್ತಕದ ಕೊನೆಗೆ ಹೋಗಿ ಉತ್ತರ ಹುಡುಕುವುದಿಲ್ಲ. ಚರಾಕ್ಷರದ ಜಾಗದಲ್ಲಿ ಒಂದನ್ನು ಇಟ್ಟು ನೋಡುತ್ತೇನೆ. ತಾಳೆಯಾದರೆ ಮುಂದಿನ ಲೆಕ್ಕ, ಆಗದಿದ್ದರೆ ಮತ್ತೆ ಅದೇ ಲೆಕ್ಕ. ಮನೆಗೆ ಗಣಿತ ಹೇಳಿಸಿಕೊಳ್ಳಲು ಬರುವ ಹೈಸ್ಕೂಲು ಮಕ್ಕಳಿಗೂ ಮೊದಲು ಕಲಿಸುವುದು ಇದನ್ನೇ. "ಸರ್, ಇದು ಸರಿನಾ?" ಎಂದು ಹಾಳೆ ಹಿಡಿದು ಬಂದವರಿಗೆ "ಒಂದು ಹಾಕಿ ನೋಡಿದ್ಯಾ?" ಎನ್ನುವುದು ನನ್ನ ಮಾಮೂಲಿ ಉತ್ತರ. ಅವರಿಗೆ ಅದು ಸ್ವಲ್ಪ ರೇಗುತ್ತದೆ, ಗೊತ್ತು. ಆದರೆ ಕೆಲವು ವಾರ ಕಳೆದ ಮೇಲೆ ಆ ಪ್ರಶ್ನೆ ಕೇಳಲು ಬರುವವರೇ ಇರುವುದಿಲ್ಲ.

ಲೆಕ್ಕವನ್ನು ಹೇಗೆ ಬರೆದುಕೊಳ್ಳುತ್ತೇನೆ ಎಂಬಲ್ಲಿಂದ ಶುರುಮಾಡುತ್ತೇನೆ. ಚರಾಕ್ಷರಕ್ಕೆ ಇಲ್ಲಿ ಕ್ಷ ಎಂದೇ ಬಳಸುತ್ತೇನೆ. 4ಕ್ಷ³ − 2ಕ್ಷ + 7 ಮತ್ತು ಕ್ಷ² + 5ಕ್ಷ − 9, ಇವೆರಡನ್ನು ಕೂಡಬೇಕು ಅನ್ನಿ. ಪುಸ್ತಕದಲ್ಲಿ ಎರಡನ್ನೂ ಆವರಣದಲ್ಲಿ ಅಕ್ಕಪಕ್ಕ ಬರೆದು, ಸಜಾತಿ ಪದಗಳನ್ನು ಹುಡುಕಿ ಒಟ್ಟುಗೂಡಿಸುತ್ತಾರೆ. ಪದಗಳು ನಾಲ್ಕೈದು ಇದ್ದರೆ ಅದು ನಡೆಯುತ್ತದೆ. ಹೆಚ್ಚಾದಾಗ ಕಣ್ಣು ಒಂದು ಪದವನ್ನು ಎರಡು ಸಲ ಎಣಿಸುತ್ತದೆ, ಇಲ್ಲವೇ ಒಂದನ್ನು ಬಿಟ್ಟೇಬಿಡುತ್ತದೆ. ಹಾಗಾಗಿ ನಾನು ಹುಡುಕುವ ಕೆಲಸವನ್ನೇ ಇಟ್ಟುಕೊಂಡಿಲ್ಲ. ಘಾತಗಳಿಗೆ ಒಂದೊಂದು ಕಂಬಸಾಲು ಮಾಡಿ ಸಹಗುಣಕಗಳನ್ನು, ಅಂದರೆ ಕ್ಷದ ಘಾತಗಳ ಮುಂದಿನ ಸಂಖ್ಯೆಗಳನ್ನು, ಮಾತ್ರ ಬರೆಯುತ್ತೇನೆ. ಇಲ್ಲದ ಘಾತಕ್ಕೆ ಸೊನ್ನೆ. ಎಡದಿಂದ ಬಲಕ್ಕೆ ಕ್ಷ³, ಕ್ಷ², ಕ್ಷ, ಕೊನೆಗೆ ಸ್ಥಿರಪದ:

4, 0, −2, 7
0, 1, 5, −9
ಮೊತ್ತ: 4, 1, 3, −2

ಅಂದರೆ 4ಕ್ಷ³ + ಕ್ಷ² + 3ಕ್ಷ − 2. ಕಂಬಸಾಲಿನಲ್ಲಿ ನೇರ ಕೆಳಗೆ ಕೂಡಿದ್ದಷ್ಟೇ ಕೆಲಸ. ಸೊನ್ನೆ ಬರೆಯುವುದು ದಂಡ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಆದರೆ ನಾಲ್ಕು ಸಾವಿರದ ಎಪ್ಪತ್ತಮೂರನ್ನು 4073 ಎಂದು ಬರೆಯುವಾಗ ನೂರರ ಸ್ಥಾನದ ಸೊನ್ನೆಯನ್ನು ಯಾರೂ ಬಿಡುವುದಿಲ್ಲವಲ್ಲ. ಅದೂ ಒಂದು ಬಹುಪದೋಕ್ತಿಯೇ, ಕ್ಷ ಇರುವ ಕಡೆ ಹತ್ತು ಕೂತಿದೆ, ಅಷ್ಟೇ. ಸಹಗುಣಕಗಳನ್ನು ಹೀಗೆ ಕೋಷ್ಟಕದಲ್ಲಿ ಜೋಡಿಸುವುದು ಹೊಸದೇನಲ್ಲ. ಬಾಗ್ದಾದಿನಲ್ಲಿ ಹುಟ್ಟಿದ ಅಲ್-ಸಮವಾಲ್ 12ನೇ ಶತಮಾನದಲ್ಲೇ ಘಾತಗಳಿಗೆ ಕಂಬಸಾಲು ಹಾಕಿ, ಬಹುಪದೋಕ್ತಿಗಳ ಭಾಗಾಕಾರವನ್ನೂ ಹಾಗೆಯೇ ಮಾಡಿ ತೋರಿಸಿದ್ದ.

ತಾಳೆ ನೋಡುವುದಕ್ಕೆ ಕ್ಷ = 1 ಹಾಕಬೇಕು. ಒಂದರ ಘಾತ ಯಾವುದಾದರೂ ಒಂದೇ ಆದ್ದರಿಂದ ಸಹಗುಣಕಗಳನ್ನು ಕೂಡಿದರೆ ಬೆಲೆ ಬಂತು. ಮೊದಲನೆಯದು 4 − 2 + 7 = 9. ಎರಡನೆಯದು 1 + 5 − 9 = −3. ಕೂಡಿದರೆ 6. ಉತ್ತರದ ಸಾಲು 4 + 1 + 3 − 2, ಅದೂ 6. ಪೆನ್ನು ಎತ್ತುವ ಮೊದಲೇ ಮುಗಿಯಿತು.

ಕೂಡುವುದರಲ್ಲಿ ಹೇಳಲು ಇನ್ನೇನೂ ಇಲ್ಲ. ಒಂದೇ ಒಂದು ಮಾತು: ಅತಿ ದೊಡ್ಡ ಘಾತದ ಸಹಗುಣಕಗಳು ಪರಸ್ಪರ ಹೊಡೆದುಹೋದರೆ ಮೊತ್ತದ ಡಿಗ್ರಿ, ಅಂದರೆ ಅದರಲ್ಲಿನ ಅತಿ ದೊಡ್ಡ ಘಾತ, ಕಡಿಮೆಯಾಗುತ್ತದೆ. 3ಕ್ಷ² + ಕ್ಷ ಜೊತೆ −3ಕ್ಷ² + 4 ಸೇರಿದರೆ ಉಳಿಯುವುದು ಕ್ಷ + 4. ಎರಡು ವರ್ಗ ಬಹುಪದೋಕ್ತಿಗಳನ್ನು ಕೂಡಿದರೆ ವರ್ಗವೇ ಬರಬೇಕು ಎಂದು ಗಟ್ಟಿಯಾಗಿ ನಂಬಿದವರು ಇಲ್ಲಿ ಗಲಿಬಿಲಿಯಾಗುತ್ತಾರೆ.

ಕಳೆಯುವುದು ಬೇರೆ ಕಥೆ. ನಾನು ನೋಡಿದ ಹಾಳೆಗಳಲ್ಲಿ ಅತಿ ಹೆಚ್ಚು ಕೆಂಪು ಗೆರೆ ಬೀಳುವುದು ಇಲ್ಲೇ, ಗುಣಾಕಾರದಲ್ಲಲ್ಲ. ಆವರಣದ ಹಿಂದೆ ಮೈನಸ್ ಇದ್ದರೆ ಒಳಗಿನ ಎಲ್ಲ ಪದಗಳ ಚಿಹ್ನೆಯೂ ಬದಲಾಗಬೇಕು, ಆದರೆ ಆ ಹಾಳೆಗಳಲ್ಲಿ ಮೊದಲ ಪದದ್ದು ಮಾತ್ರ ಬದಲಾಗಿ ಉಳಿದವು ಹಾಗೇ ಇರುತ್ತವೆ. ಕೈ ಅವಸರಪಡುತ್ತದೆ. ಅದಕ್ಕೇ ನಾನು ಬಹುಪದೋಕ್ತಿಗಳನ್ನು ಕಳೆಯುವುದೇ ಇಲ್ಲ. ಎರಡನೇ ಸಾಲನ್ನು ಪೂರ್ತಿ ಚಿಹ್ನೆ ಬದಲಿಸಿ ಹೊಸದಾಗಿ ಬರೆದು, ಕೂಡುತ್ತೇನೆ. ಮೇಲಿನ ಎರಡನ್ನೇ ತೆಗೆದುಕೊಂಡರೆ 0, 1, 5, −9 ಎಂಬ ಸಾಲು 0, −1, −5, 9 ಆಗುತ್ತದೆ. ಮೊದಲ ಸಾಲಿಗೆ ಸೇರಿಸಿದರೆ 4, −1, −7, 16. ಉತ್ತರ 4ಕ್ಷ³ − ಕ್ಷ² − 7ಕ್ಷ + 16.

ತಾಳೆ: 9 ರಿಂದ −3 ಕಳೆದರೆ 12. ಸಹಗುಣಕಗಳ ಮೊತ್ತ 4 − 1 − 7 + 16, ಹನ್ನೆರಡೇ. ಮೊದಲ ಚಿಹ್ನೆ ಮಾತ್ರ ಬದಲಿಸಿದವರಿಗೆ 4ಕ್ಷ³ − ಕ್ಷ² + 3ಕ್ಷ − 2 ಬಂದಿರುತ್ತದೆ. ಒಂದು ಹಾಕಿದರೆ 4. ಹನ್ನೆರಡು ಬರಬೇಕಾದ ಕಡೆ ನಾಲ್ಕು ಬಂದರೆ ಎಲ್ಲಿ ಎಡವಿದ್ದೇವೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಚಿಹ್ನೆಯ ನಿಯಮಗಳನ್ನು ಬ್ರಹ್ಮಗುಪ್ತ ಕ್ರಿ.ಶ. 628 ರಲ್ಲೇ ಧನ, ಋಣ, ಶೂನ್ಯ ಎಂದು ವಿಂಗಡಿಸಿ ಬರೆದಿಟ್ಟಿದ್ದಾನೆ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದೂ ಅಲ್ಲಿದೆ. ನಿಯಮ ಬಾಯಿಪಾಠ ಇಲ್ಲದವರು ನನಗೆ ಸಿಕ್ಕಿದ್ದು ಕಡಿಮೆ. ಬಾಯಲ್ಲಿ ಇರುವುದು ಕೈಗೆ ಇಳಿಯುವುದಿಲ್ಲ ಅನ್ನುವುದೇ ತೊಂದರೆ. ಸಾಲನ್ನೇ ಮತ್ತೆ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಅದಕ್ಕೆ.

ಇನ್ನು ಗುಣಾಕಾರ. ಎರಡು ದ್ವಿಪದಗಳಾದರೆ ಹೇಗೆ ಮಾಡಿದರೂ ನಡೆಯುತ್ತದೆ. ಮೂರು ಮೂರು ಪದಗಳಾದಾಗ ಒಂಬತ್ತು ಗುಣಲಬ್ಧಗಳು ಬರುತ್ತವೆ, ಒಂದೇ ಉದ್ದ ಸಾಲಿನಲ್ಲಿ ಬರೆದರೆ ಒಂಬತ್ತೂ ಬಂದವೇ ಎಂದು ಎಣಿಸುವುದೇ ಒಂದು ಕೆಲಸ. ನಾನು ಚೌಕುಳಿ ಹಾಕುತ್ತೇನೆ. (2ಕ್ಷ² − 3ಕ್ಷ + 4)(ಕ್ಷ² + 5ಕ್ಷ − 2) ಎಂಬುದಕ್ಕೆ ಮೂರು ಅಡ್ಡಸಾಲು, ಮೂರು ಕಂಬಸಾಲು. ಎಡಗಡೆ ಮೊದಲನೆಯ ಬಹುಪದೋಕ್ತಿಯ ಪದಗಳು, ಮೇಲುಗಡೆ ಎರಡನೆಯದರ ಪದಗಳು. ಒಳಗೆ ತುಂಬಿದರೆ:

2ಕ್ಷ⁴, 10ಕ್ಷ³, −4ಕ್ಷ²
−3ಕ್ಷ³, −15ಕ್ಷ², 6ಕ್ಷ
4ಕ್ಷ², 20ಕ್ಷ, −8

ಒಂಬತ್ತು ಮನೆ ತುಂಬಿದೆ ಎಂದರೆ ಒಂಬತ್ತು ಗುಣಲಬ್ಧ ಬಂದಿದೆ ಎಂದೇ ಅರ್ಥ. ಇದರಲ್ಲಿ ನನಗೆ ಇನ್ನೊಂದು ಖುಷಿ ಇದೆ: ಸಜಾತಿ ಪದಗಳು ತಾವಾಗಿಯೇ ಓರೆಯಾಗಿ ಸಾಲುಗಟ್ಟುತ್ತವೆ. ಬಲಮೇಲಿನ ಮೂಲೆಯಿಂದ ಎಡಕೆಳಗಿನ ಮೂಲೆಗೆ ಬೆರಳು ಎಳೆದರೆ −4ಕ್ಷ², −15ಕ್ಷ², 4ಕ್ಷ², ಮೂರೂ ಕ್ಷ² ಪದಗಳೇ. ಎರಡೂ ಬಹುಪದೋಕ್ತಿಗಳನ್ನು ಇಳಿಕೆಯ ಕ್ರಮದಲ್ಲಿ, ಇಲ್ಲದ ಘಾತಕ್ಕೆ ಸೊನ್ನೆ ಹಾಕಿ ಬರೆದಿದ್ದರೆ ಮಾತ್ರ ಹೀಗಾಗುತ್ತದೆ, ಅದನ್ನು ಮರೆಯಬಾರದು. ಓರೆಯಲ್ಲಿ ಕೂಡಿದರೆ 2ಕ್ಷ⁴ + 7ಕ್ಷ³ − 15ಕ್ಷ² + 26ಕ್ಷ − 8.

ಒಂದು ಹಾಕಿ ನೋಡೋಣ. ಮೊದಲನೆಯದು 3, ಎರಡನೆಯದು 4, ಗುಣಲಬ್ಧ 12. ಉತ್ತರದಲ್ಲಿ 2 + 7 − 15 + 26 − 8 = 12. ಸರಿ.

ಸರಿಯೇ? ಇಲ್ಲೊಂದು ಸಂದು ಉಳಿದಿದೆ. ಯಾರೋ −15 ಮತ್ತು 26 ಅನ್ನು ಅದಲುಬದಲು ಮಾಡಿ 2ಕ್ಷ⁴ + 7ಕ್ಷ³ + 26ಕ್ಷ² − 15ಕ್ಷ − 8 ಎಂದು ಬರೆದರು ಅನ್ನಿ. ಸಹಗುಣಕಗಳ ಮೊತ್ತ ಆಗಲೂ ಹನ್ನೆರಡೇ. ಒಂದರ ತಾಳೆಗೆ ಘಾತಗಳು ಕಾಣುವುದೇ ಇಲ್ಲ, ಯಾವ ಸಹಗುಣಕ ಯಾವ ಮನೆಯಲ್ಲಿದ್ದರೂ ಅದಕ್ಕೆ ಒಂದೇ. ಆದ್ದರಿಂದ ಗುಣಾಕಾರದಲ್ಲಿ ನಾನು −1 ಅನ್ನೂ ಹಾಕುತ್ತೇನೆ. ಬೆಸ ಘಾತಗಳ ಚಿಹ್ನೆ ತಿರುವಿ ಕೂಡಿದರೆ ಆಯಿತು. ಮೊದಲನೆಯದು 2 + 3 + 4 = 9, ಎರಡನೆಯದು 1 − 5 − 2 = −6, ಗುಣಲಬ್ಧ −54. ಸರಿಯಾದ ಉತ್ತರದಲ್ಲಿ 2 − 7 − 15 − 26 − 8, ಅದೂ −54. ಅದಲುಬದಲಾದುದರಲ್ಲಿ 28 ಬರುತ್ತದೆ, ಸಿಕ್ಕಿಬಿತ್ತು.

ಅಂಕಿಗಳನ್ನು ಕೂಡಿ ಒಂಬತ್ತು ಕಳೆದು ಗುಣಾಕಾರ ತಾಳೆ ನೋಡುವ ಹಳೆಯ ಕ್ರಮ ನಿಮಗೆ ಗೊತ್ತಿದ್ದರೆ, ಇದು ಅದರದೇ ಇನ್ನೊಂದು ರೂಪ. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಒಂದು. ಹಾಗಾಗಿ ಅಂಕಿಗಳ ಮೊತ್ತ ಎಂದರೆ ಹತ್ತರ ಜಾಗದಲ್ಲಿ ಒಂದನ್ನು ಇಟ್ಟ ಹಾಗೆ. 47 ಬರೆಯುವ ಕಡೆ 74 ಬರೆದರೆ ಒಂಬತ್ತರ ತಾಳೆ ಹಿಡಿಯುವುದಿಲ್ಲ, ಎರಡರಲ್ಲೂ ಅಂಕಿಗಳ ಮೊತ್ತ ಹನ್ನೊಂದು. ಅದೇ ಕುರುಡು ಇಲ್ಲೂ ಇದೆ. ಹನ್ನೊಂದರ ತಾಳೆಯಲ್ಲಿ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ ಕಳೆಯುತ್ತೇವಲ್ಲ, ಅದು −1 ಹಾಕಿದ್ದಕ್ಕೆ ಸಮ. ಅದು 47, 74ರ ವ್ಯತ್ಯಾಸ ಹಿಡಿಯುತ್ತದೆ. ಈ ನಂಟು ನನಗೆ ಹೊಳೆದದ್ದು ಮಕ್ಕಳಿಗೆ ತಾಳೆ ಹೇಳಿಕೊಡುತ್ತಿದ್ದಾಗಲೇ, ಪುಸ್ತಕ ಓದಿ ಅಲ್ಲ.

ಒಂದು, ಮೈನಸ್ ಒಂದು ಎರಡೂ ಸೇರಿದರೂ ಎಲ್ಲವನ್ನೂ ಹಿಡಿಯುತ್ತವೆ ಅನ್ನಲಾರೆ. ಕ್ಷ⁴ ಮತ್ತು ಕ್ಷ² ಪದಗಳ ಸಹಗುಣಕ ಅದಲುಬದಲಾದರೆ ಎರಡೂ ಸಮ ಘಾತಗಳಾದ್ದರಿಂದ ಇವು ಸುಮ್ಮನಿರುತ್ತವೆ. ಸಂಶಯ ಬಿಡದಿದ್ದರೆ ಹತ್ತು ಹಾಕುತ್ತೇನೆ. ಮೇಲಿನ ಲೆಕ್ಕದಲ್ಲಿ 200 − 30 + 4 = 174, 100 + 50 − 2 = 148. ಉತ್ತರದಲ್ಲಿ 20000 + 7000 − 1500 + 260 − 8 = 25752. 174 × 148 ಅನ್ನು ಬೇರೆ ಹಾಳೆಯಲ್ಲಿ ಗುಣಿಸಿ ನೋಡಿ, 25752 ಬರುತ್ತದೆ. ನಿಜವಾಗಿ ನೋಡಿದರೆ ಬಹುಪದೋಕ್ತಿಗಳ ಗುಣಾಕಾರ ಸಂಖ್ಯೆಗಳ ಗುಣಾಕಾರಕ್ಕಿಂತ ಸುಲಭ, ಇಲ್ಲಿ ದಶಕ ಒಯ್ಯುವ ತಾಪತ್ರಯ ಇಲ್ಲ. 11 ಅನ್ನು ಕ್ಷ + 1 ಎಂದು ನೋಡಿ. 11ರ ವರ್ಗ 121, ಘನ 1331, ನಾಲ್ಕನೇ ಘಾತ 14641. (ಕ್ಷ + 1)ರ ಘಾತಗಳ ಸಹಗುಣಕಗಳೂ ಅವೇ, ಪಿಂಗಲನ ಛಂದಃಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಹಲಾಯುಧ 10ನೇ ಶತಮಾನದಲ್ಲಿ ವಿವರಿಸಿದ ಮೇರುಪ್ರಸ್ತಾರದ (ಈಗ ಪ್ಯಾಸ್ಕಲ್ ತ್ರಿಕೋನ ಎನ್ನುವುದರ) ಸಾಲುಗಳೂ ಅವೇ. ಐದನೇ ಘಾತಕ್ಕೆ ಬಂದಾಗ 1, 5, 10, 10, 5, 1 ಆಗಬೇಕಾದದ್ದು ಸಂಖ್ಯೆಯಲ್ಲಿ ದಶಕ ಒಯ್ದು 161051 ಆಗಿ ರೂಪ ಕೆಡುತ್ತದೆ. ಬಹುಪದೋಕ್ತಿಯಲ್ಲಿ ಹತ್ತು ಹತ್ತಾಗಿಯೇ ಉಳಿಯುತ್ತದೆ.

(ಕ್ಷ + 3)² ಎಂದರೆ ಕ್ಷ² + 9 ಎನ್ನುವವರ ಬಗ್ಗೆ ಉದ್ದ ಬರೆಯುವುದಿಲ್ಲ. ಒಂದು ಹಾಕಿದರೆ ಎಡಗಡೆ 16, ಬಲಗಡೆ 10. ನಿತ್ಯಸಮೀಕರಣವನ್ನು ಇನ್ನೊಮ್ಮೆ ಉರುಹೊಡೆಸುವುದಕ್ಕಿಂತ ಈ 16 ಮತ್ತು 10 ಹೆಚ್ಚು ಕೆಲಸ ಮಾಡುತ್ತದೆ.

ಭಾಗಾಕಾರಕ್ಕೆ ಮಕ್ಕಳು ಹೆದರುವಷ್ಟು ನಾನು ಹೆದರುವುದಿಲ್ಲ, ಕಂಬಸಾಲು ಅಭ್ಯಾಸವಾಗಿರುವುದರಿಂದ. 3ಕ್ಷ⁴ − 5ಕ್ಷ² + 2ಕ್ಷ + 7 ಅನ್ನು ಕ್ಷ² + 2ಕ್ಷ − 1 ರಿಂದ ಭಾಗಿಸಬೇಕು. ಭಾಜ್ಯದಲ್ಲಿ ಕ್ಷ³ ಇಲ್ಲ. ಸೊನ್ನೆ ಬರೆಯದೆ ಮುಂದೆ ಹೋದವರ ಲೆಕ್ಕ ಎರಡನೇ ಹೆಜ್ಜೆಗೇ ಹಳಿ ತಪ್ಪುತ್ತದೆ. ನನ್ನ ಹಾಳೆಯಲ್ಲಿ ಭಾಜ್ಯ 3, 0, −5, 2, 7. ಭಾಜಕ 1, 2, −1.

3ರಲ್ಲಿ 1 ಎಷ್ಟು ಸಲ? ಮೂರು. ಭಾಜಕವನ್ನು ಮೂರರಿಂದ ಗುಣಿಸಿದರೆ 3, 6, −3. ಚಿಹ್ನೆ ತಿರುವಿ −3, −6, 3 ಎಂದು ಬರೆದು ಕೂಡಿದರೆ 0, −6, −2 ಉಳಿಯಿತು. ಸೊನ್ನೆ ಬಿಟ್ಟು 2 ಅನ್ನು ಇಳಿಸಿದರೆ −6, −2, 2. ಈ ಸಲ −6. ಭಾಜಕದ −6 ಪಟ್ಟು −6, −12, 6. ತಿರುವಿ ಕೂಡಿದರೆ 0, 10, −4. 7 ಇಳಿಸಿದರೆ 10, −4, 7. ಈ ಸಲ 10. ಅದರ ಪಟ್ಟು 10, 20, −10. ತಿರುವಿ ಕೂಡಿದರೆ 0, −24, 17. ಉಳಿದ ಸಾಲಿನ ಡಿಗ್ರಿ ಭಾಜಕದ ಡಿಗ್ರಿಗಿಂತ ಕಡಿಮೆಯಾಯಿತು, ನಿಲ್ಲಬೇಕು. ಭಾಗಲಬ್ಧ 3ಕ್ಷ² − 6ಕ್ಷ + 10, ಶೇಷ −24ಕ್ಷ + 17.

ಶೇಷದಲ್ಲಿ 24ರಂಥ ದೊಡ್ಡ ಸಂಖ್ಯೆ ಕಂಡು ಕೆಲವರು ಇನ್ನೂ ಭಾಗಿಸಲು ಹೊರಡುತ್ತಾರೆ. ಸಂಖ್ಯೆಗಳ ಭಾಗಾಕಾರದ ಅಭ್ಯಾಸ ಅದು. ಇಲ್ಲಿ ನಿಲ್ಲುವುದು ಬಿಡುವುದು ಡಿಗ್ರಿಯ ಮೇಲೆ, ಸಹಗುಣಕ ಎಷ್ಟು ದೊಡ್ಡದು ಎನ್ನುವುದರ ಮೇಲಲ್ಲ. ತಾಳೆಗೆ ಭಾಜಕ ಗುಣಿಸು ಭಾಗಲಬ್ಧ, ಕೂಡು ಶೇಷ. ಒಂದು ಹಾಕಿದರೆ 2 × 7 − 7 = 7. ಭಾಜ್ಯ 3 − 5 + 2 + 7, ಏಳು. ಮೈನಸ್ ಒಂದು ಹಾಕಿದರೆ −2 × 19 + 41 = 3, ಭಾಜ್ಯ 3 − 5 − 2 + 7 = 3.

ಇದರಲ್ಲೂ ಒಂದು ಕಡೆ ಎಚ್ಚರ ಬೇಕು. ಭಾಜಕ ಕ್ಷ − 1 ಆಗಿದ್ದರೆ ಒಂದು ಹಾಕಿ ತಾಳೆ ನೋಡಬೇಡಿ. ಭಾಜಕದ ಬೆಲೆ ಸೊನ್ನೆಯಾಗುವುದರಿಂದ ಭಾಗಲಬ್ಧ ಏನೇ ಇದ್ದರೂ ಗುಣಲಬ್ಧ ಸೊನ್ನೆ, ತಾಳೆ ನೋಡಿದ್ದು ಶೇಷವನ್ನು ಮಾತ್ರ ಎಂದಾಗುತ್ತದೆ. ಆಗ 2 ಹಾಕಿ.

ಭಾಜಕ ಕ್ಷ − ಅ ರೂಪದಲ್ಲಿದ್ದರೆ ಇಷ್ಟು ಉದ್ದ ಬರೆಯಬೇಕಾಗಿಲ್ಲ. ಸಿಂಥೆಟಿಕ್ ಡಿವಿಷನ್ ಸಾಕು. 2ಕ್ಷ³ − 7ಕ್ಷ² + 5 ಅನ್ನು ಕ್ಷ − 3 ರಿಂದ ಭಾಗಿಸೋಣ. ಸಹಗುಣಕಗಳು 2, −7, 0, 5. ಎರಡನ್ನು ಕೆಳಗಿಳಿಸಿ, ಮೂರರಿಂದ ಗುಣಿಸಿ ಮುಂದಿನದಕ್ಕೆ ಕೂಡು: −7 + 6 = −1. ಮತ್ತೆ ಮೂರರಿಂದ ಗುಣಿಸಿ ಕೂಡು: 0 − 3 = −3. ಮತ್ತೆ: 5 − 9 = −4. ಭಾಗಲಬ್ಧ 2ಕ್ಷ² − ಕ್ಷ − 3, ಶೇಷ −4. ಇಲ್ಲಿ ಕಳೆಯುವುದೇ ಇಲ್ಲ, ಮೈನಸ್ ಮೂರರ ಬದಲು ಮೂರನ್ನು ಇಟ್ಟುಕೊಂಡಾಗಲೇ ಚಿಹ್ನೆಯ ಕೆಲಸ ಮುಗಿದಿದೆ. ನನಗೆ ಈ ವಿಧಾನ ಇಷ್ಟವಾಗುವುದು ಅದಕ್ಕೇ.

ಈ ಸಾಲನ್ನೇ ಇನ್ನೊಂದು ರೀತಿಯಲ್ಲಿ ಓದಬಹುದು. ಎರಡನ್ನು ಮೂರರಿಂದ ಗುಣಿಸಿ ಏಳು ಕಳೆ, ಬಂದದ್ದನ್ನು ಮೂರರಿಂದ ಗುಣಿಸಿ ಸೊನ್ನೆ ಕೂಡು, ಮತ್ತೆ ಮೂರರಿಂದ ಗುಣಿಸಿ ಐದು ಕೂಡು. ಅದು ಕ್ಷ = 3 ಆದಾಗ ಬಹುಪದೋಕ್ತಿಯ ಬೆಲೆ ಕಂಡುಹಿಡಿಯುವ ಕ್ರಮವೇ. ಇಂಗ್ಲೆಂಡಿನ ಗಣಿತಜ್ಞ ಹೋರ್ನರ್ 1819ರಲ್ಲಿ ಪ್ರಕಟಿಸಿದ್ದರಿಂದ ಅವನ ಹೆಸರು ನಿಂತಿದೆ, ಚೀನಾದ ಚಿನ್ ಜಿಯುಶಾವ್ 1247ರಷ್ಟು ಹಿಂದೆಯೇ ಇಂಥ ಕ್ರಮ ಬಳಸಿದ್ದ. ಶೇಷ ಪ್ರಮೇಯ ಹೇಳುವುದೂ ಇದನ್ನೇ: ಕ್ಷ − 3 ರಿಂದ ಭಾಗಿಸಿದಾಗಿನ ಶೇಷವೂ ಕ್ಷ = 3 ರಲ್ಲಿನ ಬೆಲೆಯೂ ಒಂದೇ. ಘಾತ ಲೆಕ್ಕ ಹಾಕಿ ನೋಡಿದರೆ 54 − 63 + 5, ಅದೂ −4.

ಹಾಗಾಗಿ ಈಗ ದೊಡ್ಡ ಬೆಲೆ ಹಾಕಿ ತಾಳೆ ನೋಡಬೇಕಾದಾಗಲೂ ನಾನು ಘಾತಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವುದಿಲ್ಲ, ಒಂದೇ ಸಾಲಿನಲ್ಲಿ ಗುಣಿಸುತ್ತ ಕೂಡುತ್ತ ಹೋಗುತ್ತೇನೆ.

ಭಾಜಕ 2ಕ್ಷ − 3 ಆದಾಗ ಏನು ಮಾಡುವುದು ಎಂದು ಮಕ್ಕಳು ಕೇಳುತ್ತಾರೆ. ಎರಡನ್ನು ಹೊರಗೆ ತೆಗೆದರೆ ಒಳಗೆ ಕ್ಷ − 3/2 ಉಳಿಯುತ್ತದೆ. ಮೇಲಿನ ಸಾಲಿಗೇ 3/2 ಹಾಕಿ: 2, ಆಮೇಲೆ −7 + 3 = −4, ಆಮೇಲೆ 0 − 6 = −6, ಆಮೇಲೆ 5 − 9 = −4. ಕೊನೆಯದು ಶೇಷ, ಅದನ್ನು ಮುಟ್ಟಬಾರದು. ಮೊದಲ ಮೂರನ್ನು ಮಾತ್ರ ಎರಡರಿಂದ ಭಾಗಿಸಿದರೆ ಭಾಗಲಬ್ಧ ಕ್ಷ² − 2ಕ್ಷ − 3. ಒಂದು ಹಾಕಿ ತಾಳೆ: (−1) × (−4) − 4 = 0. ಭಾಜ್ಯ 2 − 7 + 5, ಅದೂ ಸೊನ್ನೆ. ತಾಳೆ ನೋಡಲು ಹೋಗಿ ಒಂದು ಅಪವರ್ತನವೂ ಪುಕ್ಕಟೆ ಸಿಕ್ಕಿತು. ಸಹಗುಣಕಗಳ ಮೊತ್ತ ಸೊನ್ನೆ ಬಂದ ಕೂಡಲೇ ಆ ಬಹುಪದೋಕ್ತಿಗೆ ಕ್ಷ − 1 ಅಪವರ್ತನ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ.

ಇದೇ ಲೆಕ್ಕದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಮೂರು ಹಾಕಿದಾಗಲೂ ಶೇಷ −4, 3/2 ಹಾಕಿದಾಗಲೂ ಶೇಷ −4. ಹಾಗಿದ್ದರೆ ಬಹುಪದೋಕ್ತಿಗೆ ನಾಲ್ಕು ಕೂಡಿದರೆ ಎರಡು ಕಡೆಯೂ ಸೊನ್ನೆ ಬರಬೇಕಲ್ಲ! 2ಕ್ಷ³ − 7ಕ್ಷ² + 9 ಎಂದು ಬರೆದುಕೊಂಡೆ. ಮೊದಲು ಸಿಕ್ಕ ಭಾಗಲಬ್ಧ 2ಕ್ಷ² − ಕ್ಷ − 3 ಅನ್ನು 2ಕ್ಷ − 3 ರಿಂದ ಭಾಗಿಸಿದರೆ ಕ್ಷ + 1, ಶೇಷ ಏನೂ ಇಲ್ಲ. ಅಂದರೆ ಅದು (ಕ್ಷ + 1)(ಕ್ಷ − 3)(2ಕ್ಷ − 3). ಅಭ್ಯಾಸದ ಕೈ ಹತ್ತು ಹಾಕಿತು. 2000 − 700 + 9 = 1309. ಈ ಕಡೆ 11 × 7 × 17. ಎಪ್ಪತ್ತೇಳು ಗುಣಿಸು ಹದಿನೇಳು, 1309.